ಸ್ಟೆಪ್ನಿ ಇಲ್ಲದ ಕಾರಿಗೆ ಸ್ಟೆಪ್ನಿ ಕಿಟ್: 14 ತಿಂಗಳು ಹೊತ್ಕೊಂಡು ತಿರುಗಿದ ಮೇಲೆ

ಈ ಕಿಟ್, ಅಂದ್ರೆ ಒಂದು ಸಣ್ಣ ಬಿಡಿ ಚಕ್ರ ಮತ್ತೆ ಅದನ್ನ ಹಾಕೋ ಸಾಮಾನು, ತಗೊಂಡು 14 ತಿಂಗಳಾಯ್ತು. ಅಷ್ಟೂ ದಿನ ಬರೀ ಹೊತ್ತಿದ್ದೇ ಹೊತ್ತಿದ್ದು, ಕೆಲಸಕ್ಕೆ ಬಂದಿದ್ದು ಒಂದೇ ಒಂದು ಸಂಜೆ. ತಗೊಂಡ ವಾರದಲ್ಲೇ ಬರೆಯೋಕೆ ಕೂತಿದ್ರೆ 'ಸೂಪರ್, ಡಿಕ್ಕಿಲಿ ಕರೆಕ್ಟಾಗಿ ಕೂರುತ್ತೆ' ಅಂತ ಎರಡು ಲೈನ್ ಗೀಚಿ ಐದು ಸ್ಟಾರ್ ಕೊಟ್ಬಿಡ್ತಿದ್ದೆ. ಆ ಸಂಜೆ ಆದ್ಮೇಲೆ ಮೂರೂವರೆಗೆ ಇಳಿದಿದೆ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಕಾರು ಮಜ್ದಾ ಎಂಎಕ್ಸ್-5, ನಾಲ್ಕನೇ ತಲೆಮಾರಿಂದು, ಎನ್‌ಡಿ ಅಂತಾರಲ್ಲ ಅದು. 1.5 ಲೀಟರ್ ಇಂಜಿನ್, ಬಟ್ಟೆ ಟಾಪು, 195/50 ಆರ್16 ಟೈರು. ಎರಡೇ ಸೀಟು, ತೂಕ ಒಂದು ಟನ್ ಆಸುಪಾಸು, ಡಿಕ್ಕಿ 130 ಲೀಟರು. 130 ಲೀಟರು ಅಂದ್ರೆ ಎಷ್ಟು ಅಂತ ಅಂದಾಜಿಲ್ಲದೋರಿಗೆ ಹೇಳೋದಾದ್ರೆ, ಇಬ್ರು ಮೂರು ದಿನಕ್ಕೆ ಹೊರಟ್ರೆ ಎರಡು ಮೆತ್ತನೆ ಬ್ಯಾಗ್ ಇಡಬಹುದು, ಮೂರನೇದು ಇಡೋಕೆ ಹೋದ್ರೆ ಮನೆಲಿ ಜಗಳ. ಅಲ್ಲಿ ಸ್ಟೆಪ್ನಿ ಇಲ್ಲ, ಒಂದು ಬಾಟಲಿ ಸೀಲೆಂಟು (ಟೈರೊಳಗೆ ಹೊಡೆದ್ರೆ ತೂತು ಮುಚ್ಚೋ ಹಾಲಿನಂಥ ಅಂಟು) ಮತ್ತೆ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚೋ ಪುಟ್ಟ ಕಂಪ್ರೆಸರ್ ಇದೆ, ಅಷ್ಟೆ.

ಇದಕ್ಕೆ ಕಂಪನಿನ ಬೈಯೋಕೆ ನಂಗೆ ಮನಸಿಲ್ಲ. 1989ರಲ್ಲಿ ಬಂದ ಮೊದಲನೇ ಎಂಎಕ್ಸ್-5ರ ಡಿಕ್ಕಿಲಿ ಸಣ್ಣ ಸ್ಟೆಪ್ನಿ ಇತ್ತು, ಆಮೇಲಾಮೇಲೆ ಹೋಯ್ತು. ಇಂಥ ಕಾರು ಮಾಡೋರು ಗ್ರಾಮ್ ಲೆಕ್ಕದಲ್ಲಿ ತೂಕ ಇಳಿಸ್ತಾರೆ, ಹತ್ತು ಹನ್ನೆರಡು ಕೆಜಿ ಒಂದೇ ಏಟಿಗೆ ಇಳಿಸೋ ಚಾನ್ಸ್ ಸಿಕ್ರೆ ಬಿಡ್ತಾರಾ? ಉಳಿದೋರೂ ಅದೇ ದಾರಿ. ಶೆವ್ರೊಲೆ ಕಾರ್ವೆಟ್ 1997ರ ಸಿ5 ಮಾಡೆಲ್ಲಿಂದ ಸ್ಟೆಪ್ನಿ ಬಿಟ್ಟು ರನ್-ಫ್ಲಾಟ್ ಟೈರಿಗೆ, ಅಂದ್ರೆ ಗಾಳಿ ಹೋದ್ರೂ ಸ್ವಲ್ಪ ದೂರ ಓಡೋ ಟೈರಿಗೆ ಹೋಯ್ತು. ಹಳೇ ಪೋರ್ಷೆ 911ಗಳಲ್ಲಂತೂ ಇನ್ನೂ ತಮಾಷೆ, ಗಾಳಿ ಇಲ್ಲದೆ ಮುದುಡಿಕೊಂಡಿರೋ ಮಡಚೋ ಟೈರು, ಪಂಚರ್ ಆದಾಗ ಕಂಪ್ರೆಸರ್ ಹಚ್ಚಿ ಊದಿಸಬೇಕು, ಪೂರಿ ಉಬ್ಬಿದ ಹಾಗೆ ಉಬ್ಬುತ್ತೆ.

ನಾವು ಬಾಯಿತುಂಬಾ ಸ್ಟೆಪ್ನಿ ಸ್ಟೆಪ್ನಿ ಅಂತೀವಲ್ಲ, ಆ ಹೆಸರು ಬಂದಿದ್ದೇ ಸ್ಟೆಪ್ನಿ ಇಲ್ಲದ ಕಾರುಗಳ ಕಾಲದಲ್ಲಿ. 1904ರಲ್ಲಿ ವೇಲ್ಸ್‌ನ ಲನೆತ್ಲಿ ಅನ್ನೋ ಊರಲ್ಲಿ, ಸ್ಟೆಪ್ನಿ ಸ್ಟ್ರೀಟ್ ಅನ್ನೋ ಬೀದಿಲಿ ಡೇವಿಸ್ ಅನ್ನೋ ಅಣ್ಣತಮ್ಮಂದ್ರು ಶುರು ಮಾಡಿದ ಧಂದೆ ಅದು. ಆಗೆಲ್ಲ ಕಾರು ಕೊಂಡ್ರೆ ಬಿಡಿ ಚಕ್ರ ಬರ್ತಿರ್ಲಿಲ್ಲ, ಇವ್ರು ಕಡ್ಡಿ ಇಲ್ಲದ ಬರೀ ರಿಮ್ಮಿಗೆ ಟೈರ್ ಹಾಕಿ, ಪಂಚರ್ ಆದ ಚಕ್ರಕ್ಕೇ ಅದನ್ನ ಕ್ಲ್ಯಾಂಪ್ ಮಾಡಿ ಓಡಿಸೋ ಹಾಗೆ ಮಾಡಿದ್ರು. ಅಂದ್ರೆ ಪಂಚರ್ ಆದ ಚಕ್ರ ಬಿಚ್ಚೋದೂ ಬೇಡ, ಬಿಚ್ಚಿ ಎಲ್ಲಿಡೋದು ಅನ್ನೋ ತಲೆನೋವೂ ಇಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾಟಲಿ ಇದ್ಯಲ್ಲ, ಮತ್ಯಾಕೆ ಚಕ್ರ ಅಂತ ಕೇಳ್ತೀರಿ. ಮೊಳೆ ಚುಚ್ಚಿದ ಸಣ್ಣ ತೂತಾಗಿದ್ದು, ಅದು ಟೈರಿನ ನೆಲಕ್ಕೆ ತಾಗೋ ಭಾಗದಲ್ಲೇ ಇದ್ರೆ ಬಾಟಲಿ ಸಾಕು. ನಾಲ್ಕರಿಂದ ಆರು ಮಿಲಿಮೀಟರ್ ತೂತಿನವರೆಗೆ ಸೀಲೆಂಟ್ ತಡೆಯುತ್ತೆ. ಅದಕ್ಕಿಂತ ದೊಡ್ಡದಾದ್ರೆ, ಅಥವಾ ಟೈರಿನ ಪಕ್ಕ ಹರಿದ್ರೆ, ಬಾಟಲಿಲಿರೋ ಹಾಲು ಪೂರ್ತಿ ರಸ್ತೆ ಮೇಲೆ. ಮೇಲಿಂದ ಅದಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಯಾರೂ ನೋಡಲ್ಲ, ಒಂದ್ಸಲ ಹೋಗಿ ನಿಮ್ ಬಾಟಲಿ ನೋಡ್ಕೊಂಡು ಬನ್ನಿ, ನಾನ್ ಕಾಯ್ತೀನಿ. ಸೀಲೆಂಟ್ ಹೊಡೆದ ಟೈರ್ ತಗೊಂಡು ಹೋದ್ರೆ ಪಂಚರ್ ಹಾಕೋನ ಮುಖ ಹುಳ್ಳಗಾಗುತ್ತೆ, ಒಳಗೆಲ್ಲ ಅಂಟಂಟು, ಒರೆಸಿ ತೊಳೆದು ಆಮೇಲೆ ಪ್ಯಾಚು. ನನ್ನ ಹತ್ರ ಒಂದು ಪ್ಲಗ್ ಕಿಟ್ ಕೂಡ ಇದೆ, ಸೂಜಿ ಥರದ್ದರಲ್ಲಿ ಅಂಟು ಹಗ್ಗ ಪೋಣಿಸಿ ತೂತಿಗೆ ತುರುಕೋದು, ನಿಜ ಹೇಳ್ಬೇಕಂದ್ರೆ ನಂಗೆ ಆಗಿರೋ ಪಂಚರ್‌ಗಳಲ್ಲಿ ಜಾಸ್ತಿ ಅದರಲ್ಲೇ ಮುಗ್ದಿದೆ. ಆದ್ರೆ ಪಕ್ಕ ಹರಿದ ಟೈರಿಗೆ ಅದೂ ಇಲ್ಲ ಇದೂ ಇಲ್ಲ. ನಮ್ಮಂಥ ಕಾರಿನ ಟೈರು ತೆಳ್ಳಗೆ, ಗುಂಡಿ ಅಂಚಿಗೆ ಜೋರಾಗಿ ಬಡಿದ್ರೆ ರಿಮ್ಮಿಗೂ ಗುಂಡಿಗೂ ನಡುವೆ ಟೈರಿನ ಪಕ್ಕ ಅಡಕತ್ತರಿಗೆ ಸಿಕ್ಕಿದ ಹಾಗೆ, ಕಚಕ್.

ಸರಿ, ಕಿಟ್‌ಗೆ ಬರ್ತೀನಿ. ಮಾರಿದೋರ ಹೆಸರು ಹಾಕಲ್ಲ, ಆದ್ರೆ ಏನು ಬಂತು ಅನ್ನೋದು ಹೇಳ್ತೀನಿ. ಟಿ115/70 ಡಿ15 ಟೈರು ಇರೋ ಕಬ್ಬಿಣದ ಚಕ್ರ ಒಂದು, ಕತ್ತರಿ ಜಾಕಿ, ವೀಲ್ ಸ್ಪಾನರ್, ಎಲ್ಲಾ ತುಂಬೋಕೆ ದಪ್ಪ ಬಟ್ಟೆ ಚೀಲ, ಡಿಕ್ಕಿಲಿ ಬಿಗಿಯೋಕೆ ಒಂದು ಪಟ್ಟಿ. ಮನೆ ತೂಕದ ಮಿಷನ್ ಮೇಲೆ ಇಟ್ಟೆ, ಚಕ್ರ ಒಂದೇ 11 ಕೆಜಿ, ಎಲ್ಲಾ ಸೇರಿ 14. ಟಿ ಅಂದ್ರೆ ಟೆಂಪರರಿ, ಡಿ ಅಂದ್ರೆ ರೇಡಿಯಲ್ ಅಲ್ಲದ ಹಳೇ ಕಾಲದ ಅಡ್ಡ ದಾರದ ಟೈರು. ಮೈಮೇಲೆ ದೊಡ್ಡಕ್ಷರದಲ್ಲಿ ಎರಡು ವಿಷಯ ಬರೆದಿರುತ್ತೆ, ಗಂಟೆಗೆ 80 ಕಿಲೋಮೀಟರ್ ದಾಟಬೇಡ, ಗಾಳಿ 60 ಪಿಎಸ್ಐ ಹೊಡಿ.

ನೀವೇ ಹುಡುಕಿ ಜೋಡಿಸ್ಕೊಳ್ತೀರಾದ್ರೆ ಇಷ್ಟು ಅಳತೆ ನೋಡ್ಕೊಳ್ಳಿ. ಎನ್‌ಡಿಗೆ ನಾಲ್ಕು ಬೋಲ್ಟ್, ಅವು ಕೂರೋ ವೃತ್ತದ ಅಡ್ಡಳತೆ 100 ಮಿಲಿಮೀಟರ್, ಚಕ್ರದ ನಡುವಿನ ತೂತು 54.1 ಮಿಲಿಮೀಟರ್, ನಟ್ಟು ಎಂ12 ಸೈಜು 1.5 ಪಿಚ್ಚು. ಮಜ್ದಾ 2ರ ಅಳತೆನೂ ಇದೇ, ಹಾಗಾಗಿ ಗುಜರಿಲಿ ಹುಡುಕೋರು ಅದರ ಸ್ಟೆಪ್ನಿ ಮೇಲೆ ಕಣ್ಣಿಡ್ತಾರೆ. ಬೋಲ್ಟ್ ಕೂತ್ರೆ ಮುಗೀತು ಅನ್ಕೋಬೇಡಿ, ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನ ಹಿಡಿಯೋ ಭಾಗ) ರಿಮ್ಮಿನ ಒಳಗೆ ತಾಗುತ್ತಾ ಅಂತ ಮುಂದಿನ ಚಕ್ರದ ಜಾಗಕ್ಕೆ ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡ್ಬೇಕು. ಬ್ರೆಂಬೊ ಕಂಪನಿಯ ದೊಡ್ಡ ಕ್ಯಾಲಿಪರ್ ಇರೋ ಎನ್‌ಡಿ ಇಟ್ಕೊಂಡೋರು ಇದನ್ನ ಮನೆಲೇ ಮಾಡಿ, ಕತ್ತಲಲ್ಲಿ ರಸ್ತೆ ಪಕ್ಕ ಅಲ್ಲ. ನಂದು ಸಾದಾ ಬ್ರೇಕು, ಆರಾಮಾಗಿ ತಿರುಗ್ತು.

ಈಗ ಕಿಟ್ ಬಗ್ಗೆ ತಕರಾರು. 'ಹೊಸಾ ಟೈರು' ಅಂತ ಕೊಟ್ರು. ಟೈರಿನ ಪಕ್ಕ ನಾಲ್ಕಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಂದರಲ್ಲಿ 1816. ಅಂದ್ರೆ 2016ರ 18ನೇ ವಾರದಲ್ಲಿ ಹುಟ್ಟಿದ್ದು. ಒಂದು ಕಿಲೋಮೀಟರೂ ಓಡಿಲ್ಲ ನಿಜ, ಆದ್ರೆ ಓಡದೇ ಇದ್ರೂ ರಬ್ಬರಿಗೆ ವಯಸ್ಸಾಗುತ್ತೆ. ಮೆಸೇಜ್ ಹಾಕಿದ್ದಕ್ಕೆ 'ಸ್ಟಾಕಲ್ಲಿದ್ದಿದ್ದು ಸಾರ್, ಬಳಸಿಲ್ಲ, ಅದಕ್ಕೇ ಹೊಸಾದು' ಅಂತ ಉತ್ತರ. ಆ ಲೆಕ್ಕದಲ್ಲಿ ನಾನೂ ಹೊಸಬನೇ. ವಾರ ಪೂರ್ತಿ ಜಗ್ಗಾಡಿ ಬೇರೆ ಟೈರ್ ಹಾಕಿಸಿ ಕಳಿಸಿದ್ರು, ಕಳಿಸಿದ್ರಲ್ಲ ಅಂತ ಅರ್ಧ ಸ್ಟಾರ್ ವಾಪಸ್ ಕೊಟ್ಟಿದೀನಿ.

ಪಟ್ಟಿ ಇನ್ನೊಂದು ಕಥೆ. ಡಿಕ್ಕಿ ತಳ ಸಮ ಇಲ್ಲ, ಚಕ್ರ ಮಲಗಿಸಿದ್ರೆ ಒಂದು ಕಡೆ ಎದ್ದಿರುತ್ತೆ, ಪಟ್ಟಿ ಎಷ್ಟು ಬಿಗಿದ್ರೂ ನಾಲ್ಕು ತಿರುವಿಗೆ ಸಡಿಲ. ಈ ಕಾರು ಇರೋದೇ ತಿರುವಿಗೆ! ಮೊದಲನೇ ದಿನ ಬೆಟ್ಟದ ರಸ್ತೆಲಿ ಪ್ರತಿ ತಿರುವಿಗೂ ಹಿಂದೆ ದಡ್ ಅಂತ ಸದ್ದು, ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಕ್ಕೆ ಪವರ್ ಹಂಚೋ ಗೇರು) ಹೋಯ್ತು ಅಂತ ಎದೆ ಒಡ್ಕೊಂಡು ಇಳಿದು ನೋಡಿದ್ರೆ ಜಾಕಿ ಚಕ್ರದೊಳಗೆ ಕುಣೀತಿತ್ತು. ಈಗ ಜಾಕಿನ ಹಳೇ ಟವೆಲಲ್ಲಿ ಸುತ್ತಿ ರಿಮ್ಮಿನ ಬೋಗುಣಿಲಿ ತುರುಕಿದೀನಿ, ಚಕ್ರದ ಎದ್ದಿರೋ ಕಡೆ ಕೆಳಗೆ ಯೋಗ ಮ್ಯಾಟಿನ ತುಂಡು. ಸದ್ದಿಲ್ಲ. ಇದನ್ನೆಲ್ಲ ಮಾರೋರು ಮಾಡಿ ಕೊಡ್ಬೇಕಿತ್ತು. ಬಿಗಿಯದೇ ಹಾಗೇ ಇಟ್ಕೊಂಡು ಓಡಾಡೋರೂ ಇದಾರೆ, ದಯವಿಟ್ಟು ಬೇಡ, ಗುದ್ದಿದಾಗ 11 ಕೆಜಿ ಕಬ್ಬಿಣ ಎಲ್ಲಿಗೆ ಹಾರುತ್ತೆ ಅಂತ ಯಾರಿಗ್ಗೊತ್ತು.

ಇನ್ನು ಆ ಸಂಜೆ. ಅಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎರಡು ದಿನದ ಟ್ರಿಪ್ ಮುಗ್ಸಿ ವಾಪಸ್ ಬರ್ತಿದ್ದೆ, ಟಾಪ್ ಇಳಿಸಿತ್ತು, ಮಾತಾಡ್ತಾ ಗುಂಡಿ ನೋಡ್ಲಿಲ್ಲ. ಮುಂದಿನ ಚಕ್ರ ತಪ್ಪಿಸ್ಕೊಳ್ತು, ಹಿಂದಿನ ಎಡಚಕ್ರ ಸರಿಯಾಗಿ ಅಂಚಿಗೆ ಬಡೀತು. ನೂರು ಮೀಟರ್ ಹೋಗೋದ್ರೊಳಗೆ ಗಾಡಿ ಸೊಂಟ ಮುರಿದೋರ ಥರ ವಾಲಾಡೋಕೆ ಶುರು. ಇಳಿದು ನೋಡಿದ್ರೆ ಟೈರಿನ ಪಕ್ಕ ಎರಡು ಬೆರಳು ತೂರೋಷ್ಟು ಹರಿದಿದೆ. ಅಕ್ಕ ಬಗ್ಗಿ ನೋಡಿ 'ಆ ಬಾಟಲಿ ಹಾಕೋ, ದೊಡ್ಡದಾಗಿ ಹೇಳ್ತಿದ್ಯಲ್ಲ' ಅಂದ್ಲು. ಇದಕ್ಕಾಗಲ್ಲ ಕಣೇ, ಸ್ಟೆಪ್ನಿ ಇದೆ ಅಂದೆ, ಎದೆ ಸ್ವಲ್ಪ ಮುಂದೆ ಬಂದಿತ್ತು ಅಂತಾನೇ ಹೇಳ್ಬೇಕು.

ಇಲ್ಲೊಂದು ಮುಖ್ಯ ವಿಷಯ, ಇದನ್ನ ಕಿಟ್ ಜೊತೆ ಬಂದ ಚೀಟಿಲಿ ಒಂದಕ್ಷರ ಬರೆದಿಲ್ಲ. ಹಿಂದಿನ ಚಕ್ರ ಪಂಚರ್ ಆದ್ರೆ ಸ್ಟೆಪ್ನಿನ ಹಿಂದಕ್ಕೆ ಹಾಕ್ಬೇಡಿ. ಲೆಕ್ಕ ನೋಡಿ, ನನ್ನ ಮಾಮೂಲಿ ಟೈರಿನ ಎತ್ತರ ಸುಮಾರು 601 ಮಿಲಿಮೀಟರ್, ಈ ಸ್ಟೆಪ್ನಿದು 542. ಒಂದು ಸುತ್ತಿಗೆ ಅದು 186 ಮಿಲಿಮೀಟರ್ ಕಮ್ಮಿ ಓಡುತ್ತೆ, ಅಂದ್ರೆ ಜೊತೆಗಾರನ ಸಮ ಓಡೋಕೆ ಹತ್ತಕ್ಕೆ ಒಂದು ಸುತ್ತು ಜಾಸ್ತಿ ತಿರುಗ್ಬೇಕು. ಪವರ್ ಹೋಗೋದು ಹಿಂದಿನ ಚಕ್ರಗಳಿಗೆ. ಅಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಅಂದ್ರೆ ಎರಡು ಚಕ್ರದ ವೇಗ ಜಾಸ್ತಿ ಬೇರೆಯಾಗದ ಹಾಗೆ ತಡೆಯೋ ಥರದ್ದು, ಇದ್ರೆ, ನೇರ ರಸ್ತೆಲೂ ಅದು ಸದಾ ತಿರುವಲ್ಲೇ ಇದೀನಿ ಅನ್ಕೊಂಡು ಎರಡು ಚಕ್ರನೂ ಸಮ ಮಾಡೋಕೆ ಒದ್ದಾಡ್ತಾ ಬಿಸಿಯಾಗಿ ಸವೀತಿರುತ್ತೆ. ಹಾಗಾಗಿ ಮುಂದಿನ ಒಳ್ಳೇ ಚಕ್ರ ಬಿಚ್ಚಿ ಹಿಂದಕ್ಕೆ, ಸ್ಟೆಪ್ನಿ ಮುಂದಕ್ಕೆ. ಎನ್‌ಡಿಲಿ ಹಿಂದೆ ಮುಂದೆ ಒಂದೇ ಸೈಜಾಗಿರೋದ್ರಿಂದ ಇದು ನಡೆಯುತ್ತೆ. ಹಿಂದೆ ಅಗಲ ಮುಂದೆ ಸಣ್ಣ ಟೈರಿರೋ ಕಾರ್ವೆಟ್, 911 ಥರದ ಗಾಡಿಲಿ ಈ ಆಟ ನಡೆಯಲ್ಲ, ಅವ್ರಿಗೆ ಇಂಥ ಕಿಟ್ ತಗೊಳ್ಳೋ ಮುಂಚೆನೇ ಬೇರೆ ಯೋಚನೆ ಬೇಕು.

ಅಂದ್ರೆ ಎರಡು ಸಲ ಜಾಕಿ, ಎಂಟು ನಟ್ಟು. ಗಾಡಿ ಫಸ್ಟ್ ಗೇರಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟೆ, ಯಾಕಂದ್ರೆ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಎರಡನ್ನ ಮಾತ್ರ, ಅದರಲ್ಲೊಂದು ಗಾಳಿಲಿ ತೂಗಾಡ್ತಾ ಇರುತ್ತೆ. ಎತ್ತೋಕೆ ಮುಂಚೆನೇ ನಟ್ಟು ಅರ್ಧ ಸುತ್ತು ಸಡಿಲ ಮಾಡ್ಕೊಳ್ಬೇಕು, ಎತ್ತಿದ ಮೇಲೆ ಸ್ಪಾನರ್ ಹಾಕಿದ್ರೆ ಚಕ್ರನೂ ಜೊತೆಲೇ ತಿರುಗುತ್ತೆ. ಕಿಟ್ಟಿನ ಸ್ಪಾನರ್ ಹಿಡಿ ಗಿಡ್ಡ, ಮೂರು ನಟ್ಟು ಕೈಯಲ್ಲಿ ಬಂತು, ನಾಲ್ಕನೇದಕ್ಕೆ ಕಾಲಿಟ್ಟು ಒತ್ತಿದೆ. ಮುಂದಿನದು ಸಲೀಸು. ಹಿಂದಿನದಕ್ಕೆ ಹೋದ್ರೆ ಟೈರ್ ಚಪ್ಪಟೆಯಾಗಿ ಗಾಡಿ ನೆಲಕ್ಕೆ ಕೂತಿದೆ, ಜಾಕಿ ಪೂರ್ತಿ ಮುಚ್ಚಿದ್ರೂ ಕೆಳಗೆ ಹೋಗೋಕೆ ಕೂದಲೆಳೆ ಜಾಗ. ಅಕ್ಕ ಮೊಬೈಲ್ ಟಾರ್ಚ್ ಹಿಡ್ಕೊಂಡು ಹೊಟ್ಟೆ ಮೇಲೆ ಮಲಗದೇ ಇದ್ದಿದ್ರೆ ಜಾಕಿ ಇಡೋ ಕಡೆಯ ಎರಡು ಕಚ್ಚು ಕಾಣ್ತಾನೇ ಇರ್ಲಿಲ್ಲ. ಗಾಡಿ ಕೆಳಗಿಳಿಸಿರೋರು, ಲೋವರಿಂಗ್ ಸ್ಪ್ರಿಂಗ್ ಹಾಕ್ಸಿರೋರು, ನಿಮ್ಮ ಜಾಕಿ ಮುಚ್ಚಿದಾಗ ಎಷ್ಟು ಎತ್ತರ ಅಂತ ಇವತ್ತೇ ಅಳೀರಿ.

ಸ್ಟೆಪ್ನಿ ಗಾಳಿ ನೋಡಿದೆ, 41 ಪಿಎಸ್ಐ. ನೋಡ್ಕೊಂಡಿರ್ಬೇಕಿತ್ತು, ತಪ್ಪು ನಂದು. ಕಾರಿನ ಜೊತೆ ಬಂದಿದ್ದ ಕಂಪ್ರೆಸರ್ ಹಚ್ಚಿ 60ಕ್ಕೆ ತಂದೆ, ಇಷ್ಟು ಸಣ್ಣ ಟೈರಿಗೆ ಜಾಸ್ತಿ ಹೊತ್ತೇನೂ ಆಗ್ಲಿಲ್ಲ. ಕಂಪನಿ ಕೊಟ್ಟ ಆ ಡಬ್ಬಿನ ಸ್ಟೆಪ್ನಿ ಬಂತಲ್ಲ ಅಂತ ಮನೆಲಿಟ್ಟು ಬರಬೇಡಿ ಅನ್ನೋದು ಇದಕ್ಕೇ.

ಓಡಿಸಿದ್ದು 62 ಕಿಲೋಮೀಟರು. ಮುಂದಿನ ಎಡಮೂಲೆ ಸುಮಾರು 30 ಮಿಲಿಮೀಟರ್ ಕೆಳಗೆ, ಸ್ಟೀರಿಂಗ್ ಎಡಕ್ಕೆ ಮೆಲ್ಲಗೆ ಎಳೀತಿರುತ್ತೆ, ಬ್ರೇಕ್ ಹಾಕಿದ್ರೆ ಒಳ್ಳೇ ಟೈರಿರೋ ಕಡೆ ಜಾಸ್ತಿ ಹಿಡಿಯುತ್ತೆ. ಚಕ್ರಗಳ ವೇಗ ತಾಳೆ ಆಗದೆ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ದೀಪಾವಳಿ. 80 ಓಡಿಸಬಹುದು ಅಂತ ಬರೆದಿದ್ರೂ ನಾನು 60, 65 ದಾಟ್ಲಿಲ್ಲ. ಇಷ್ಟು ಚಂದ ತಿರುಗೋ ಗಾಡಿ ಆವತ್ತು ಎತ್ತಿನ ಬಂಡಿ. ಆದ್ರೂ ಓಡ್ತು, ಟೋಯಿಂಗ್ ಗಾಡಿಗೆ ಕಾಯದೆ ಕತ್ತಲಾದ ಗಂಟೆಯೊಳಗೆ ಟೈರ್ ಅಂಗಡಿ ಸೇರಿದ್ವಿ, ಕಿಟ್ ತನ್ನ ಕೆಲಸ ಮಾಡ್ತು.

ಹಾಗಾದ್ರೆ ಮೂರೂವರೆ ಯಾಕೆ? ಸ್ಟೆಪ್ನಿ ಹಾಕಿ ಕೈ ಒರೆಸ್ಕೊಂಡು ಎದ್ದು ನಿಂತೆ ನೋಡಿ, ಕಾಲ ಹತ್ರ ಪಂಚರ್ ಚಕ್ರ ಬಿದ್ದಿದೆ. ಇದನ್ನ ಎಲ್ಲಿಡೋದು? ಸ್ಟೆಪ್ನಿ ಇದ್ದ ಜಾಗದಲ್ಲಿ ಇಡ್ಬೇಕು ಅಂತ ಯಾರಾದ್ರೂ ಅಂತಾರೆ. ಸ್ಟೆಪ್ನಿ ಅಗಲ 115 ಮಿಲಿಮೀಟರು, ಇದು 195. ಎತ್ತರನೂ 60 ಮಿಲಿಮೀಟರ್ ಜಾಸ್ತಿ. ಕಿಟ್ ಚೀಲದ ಬಾಯಲ್ಲೇ ತೂರಲ್ಲ. ಡಿಕ್ಕಿಲಿ ಬ್ಯಾಗ್ ಎರಡಿವೆ. ಸೀಟಿನ ಹಿಂದೆ ಜಾಗ ಅನ್ನೋದೇ ಇಲ್ಲ, ಟಾಪು ಅಲ್ಲೇ ಮಡಚಿ ಕೂತಿದೆ. ಮಾಮೂಲಿ ಕಾರಾದ್ರೆ ಹಿಂದಿನ ಸೀಟಿಗೆ ಎಸೆದು ಹೋಗ್ತಿದ್ವಿ. ಹದಿಮೂರು ತಿಂಗಳು ಸ್ಟೆಪ್ನಿ ಎಲ್ಲಿಡೋದು ಅಂತ ತಲೆ ಕೆಡಿಸ್ಕೊಂಡು, ಯೋಗ ಮ್ಯಾಟು ಗೀಗ ಮ್ಯಾಟು ಎಲ್ಲಾ ಕತ್ತರಿಸಿ, ಹೊರಗೆ ಬರೋ ಚಕ್ರದ ಬಗ್ಗೆ ಒಂದು ನಿಮಿಷನೂ ಯೋಚಿಸಿರ್ಲಿಲ್ಲ. ಲನೆತ್ಲಿಯ ಆ ಅಣ್ಣತಮ್ಮಂದ್ರು ನೆನಪಾದ್ರು.

ಕೊನೆಗೆ ಬ್ಯಾಗ್ ಎರಡೂ ಹೊರಗೆ ತೆಗೆದು, ಚಕ್ರನ ಓರೆ ಮಾಡಿ, ತಿರುಗಿಸಿ, ಒತ್ತಿ, ಮುಚ್ಚಳ ಹಾಕಿದ್ರೆ ತಾಗುತ್ತೆ, ಮತ್ತೆ ತೆಗೆದು ರಿಮ್ಮಿನ ಮುಖ ಕೆಳಗೆ ಮಾಡಿ, ಮೂರನೇ ಸಲಕ್ಕೆ ಕ್ಲಿಕ್ ಅಂತು. ಡಿಕ್ಕಿ ಕಾರ್ಪೆಟ್ ತುಂಬ ಬ್ರೇಕಿನ ಕರೀ ಪುಡಿ. ಬ್ಯಾಗ್ ಎರಡು, ಜಾಕಿ, ಖಾಲಿ ಚೀಲ, ಎಲ್ಲಾ ಅಕ್ಕನ ತೊಡೆ ಮೇಲೆ ಮತ್ತೆ ಕಾಲ ಸಂದೀಲಿ. ಮುಖ ಕಾಣ್ತಿರ್ಲಿಲ್ಲ, ಬ್ಯಾಗಿನ ಹಿಂದಿಂದ ದನಿ ಮಾತ್ರ ಬರ್ತಿತ್ತು. 'ಲೋ, ಇದಕ್ಕೆ ಕಾರು ಅಂತ ಯಾವನೋ ಹೆಸರಿಟ್ಟಿದ್ದು?' 62 ಕಿಲೋಮೀಟರ್ ಹಾಗೇ ಬಂದ್ಲು ಪಾಪ.

ಯಾರು ತಗೋಬೇಕು ಅಂದ್ರೆ, ದಿನಾ ಆಫೀಸಿಗೆ ಹೋಗಿ ಬರೋಕೆ ಬೇಡವೇ ಬೇಡ, ಪ್ಲಗ್ ಕಿಟ್ ಪ್ಲಸ್ ಕಂಪ್ರೆಸರ್ ಸಾಕು, 14 ಕೆಜಿ ಸುಮ್ನೆ ಹೊತ್ಕೊಂಡು ತಿರುಗ್ಬೇಡಿ, ಒಂದು ಟನ್ನಿನ ಗಾಡಿಲಿ ಅದೂ ಹಿಂದಿನ ಚಕ್ರಕ್ಕಿಂತಾನೂ ಹಿಂದೆ ಇಟ್ರೆ ಗೊತ್ತಾಗುತ್ತೆ, ಅಥವಾ ನಂಗೆ ಗೊತ್ತಾಗುತ್ತೆ ಅನ್ನೋ ಭ್ರಮೆ ಇದೆ. ಒಬ್ರೇ ದೂರ ಹೋಗೋರಿಗೆ ಧಾರಾಳವಾಗಿ ಹೇಳ್ತೀನಿ, ತಗೊಳ್ಳಿ, ಪಂಚರ್ ಚಕ್ರ ಪಕ್ಕದ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂರುತ್ತೆ. ಇಬ್ರು ಹೋಗೋದಾದ್ರೆ ಹೊರಡೋ ಮುಂಚೆ ಒಂದ್ಸಲ ನಿಜವಾಗ್ಲೂ ಚಕ್ರ ಬಿಚ್ಚಿ ಬ್ಯಾಗ್ ಸಮೇತ ಇಟ್ಟು ನೋಡಿ. ರನ್-ಫ್ಲಾಟ್ ಹಾಕಿಸ್ಬಾರ್ದಾ ಅಂತ ಕೇಳೋರಿಗೆ, ಹಾಕಿಸಬಹುದು, ಗಾಳಿ ಇಲ್ಲದೆನೂ 80ರ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡುತ್ತೆ, ಆದ್ರೆ ಪಕ್ಕ ಗಡುಸು, ಈ ಕಾರಿನ ಮೃದು ಸಸ್ಪೆನ್ಶನ್ನಿನ ಸುಖ ಎಲ್ಲಾ ಹೋಗುತ್ತೆ, ನಂಗೆ ಬೇಡ. ಮತ್ತೆ ವಾಪಸ್ ಮಾಮೂಲಿ ಚಕ್ರ ಹಾಕಿದ ಮೇಲೆ ಟಾರ್ಕ್ ವ್ರೆಂಚಲ್ಲಿ ಬಿಗೀರಿ, ಎನ್‌ಡಿಗೆ 108ರಿಂದ 147 ನ್ಯೂಟನ್ ಮೀಟರ್ ಮಧ್ಯೆ, ರಸ್ತೆಲಿ ಕಾಲಲ್ಲಿ ಒದ್ದು ಬಿಗಿದಿದ್ದನ್ನ ಹಾಗೇ ಬಿಡ್ಬೇಡಿ.

ಕಿಟ್ ಚೀಲಕ್ಕೆ ನಾನು ಸೇರಿಸಿರೋದು ಒಂದು ಜೊತೆ ಗ್ಲೌಸು, ತಲೆಗೆ ಕಟ್ಟೋ ಟಾರ್ಚು, ಉದ್ದ ಹಿಡಿಯ ಸ್ಪಾನರ್, ಮತ್ತೆ ಹಾಸಿಗೆ ಹೊದಿಕೆ ಬರುತ್ತಲ್ಲ ಆ ದೊಡ್ಡ ಪ್ಲಾಸ್ಟಿಕ್ ಚೀಲ, ಪಂಚರ್ ಚಕ್ರ ಅದರೊಳಗೆ ಹಾಕೋಕೆ. ಮೊನ್ನೆ ಮತ್ತೆ ಟ್ರಿಪ್ಪಿಗೆ ಕರೆದೆ. ಅಕ್ಕ ಮೊದಲು ಕೇಳಿದ್ದು ಎಲ್ಲಿಗೆ ಅಂತಲ್ಲ, 'ಸ್ಟೆಪ್ನಿ ತರ್ತೀಯಾ, ಬಿಟ್ಟು ಬರ್ತೀಯಾ?' ತರ್ತೀನಿ ಅಂದೆ. 'ಸರಿ ಬಿಡು, ನಾನು ಬಸ್ಸಲ್ಲಿ ಬರ್ತೀನಿ, ನನ್ನ ಬ್ಯಾಗ್ ನೀನ್ ತಗೊಂಡ್ಬಾ' ಅಂದ್ಲು.